ಏಕಕರ್ತೃ

ಯಂತ್ರವೇ ಎಲ್ಲೋ ಎಡವಿರಬೇಕು ಎಂದು ನಸೀಮಾ ನದಾಫಳಿಗೆ ಮೊದಲು ಅನ್ನಿಸಿತು. ಪರದೆಯ ಮೇಲೆ ಚನ್ನವೀರ ಮುಳಗುಂದ ಎಂಬ ಹೆಸರಿನ ಮುಂದೆ ಹನ್ನೊಂದು ಎಂಬ ಅಂಕಿ ನಿಂತಿತ್ತು. ತಕ್ಕಡಿ ಕೋಣೆಯ ಉಸ್ತುವಾರಿ ವಹಿಸಿಕೊಂಡಾಗಿನಿಂದ ಆ ಹೆಸರಿನ ಮುಂದೆ ನಲವತ್ತಕ್ಕಿಂತ ಕಡಿಮೆ ಅಂಕಿಯನ್ನು ಅವಳು ನೋಡಿದ್ದೇ ಇಲ್ಲ. ಲೆಕ್ಕವನ್ನು ಮೊದಲಿನಿಂದ ಮತ್ತೆ ಮಾಡಿಸಿದಳು. ಯಂತ್ರ ಸ್ವಲ್ಪ ಹೊತ್ತು ತಡೆದು ಮತ್ತೆ ಹನ್ನೊಂದನ್ನೇ ತಂದು ಇಟ್ಟಿತು.

ಧಾರವಾಡದ ಹೊರಗೆ, ಊರು ಮುಗಿದು ಎರೆಹೊಲಗಳು ಶುರುವಾಗುವಲ್ಲಿ ಆ ಧಾನ್ಯ ಸಂಶೋಧನಾ ಕೇಂದ್ರವಿತ್ತು. ಚನ್ನವೀರ ಮತ್ತು ಅವನ ಹೆಂಡತಿ ದಾಕ್ಷಾಯಣಿ ಇಬ್ಬರೂ ಅಲ್ಲಿ ವಿಜ್ಞಾನಿಗಳು. ಮದುವೆಗೆ ಮುಂಚಿನಿಂದಲೂ ಇಬ್ಬರದೂ ಒಂದೇ ಪ್ರಯೋಗಾಲಯ, ಒಂದೇ ವಿಷಯ. ಕೊಯ್ಲಿಗೆ ಬಂದ ಬಿಳಿಜೋಳಕ್ಕೆ ಅಕಾಲದ ಮಳೆ ಹೊಡೆದರೆ ಕಾಳು ತೆನೆಯಲ್ಲೇ ಮೊಳಕೆ ಒಡೆದು ಬೆಳೆ ಹಾಳಾಗುತ್ತದಲ್ಲ, ಅದನ್ನು ತಡೆಯುವುದು ಹೇಗೆ ಎಂಬುದು ಅವರ ಪ್ರಶ್ನೆ. ಕಾಳಿನೊಳಗಿನ ಜೀವವನ್ನು ಮಲಗಿಸಿ ಇಡುವ ಕಾವಲುಗಾರ ಯಾರು? ಅವನನ್ನು ಎಬ್ಬಿಸುವುದು ಯಾವುದು? ಆ ಒಂದು ಪ್ರಶ್ನೆಯ ಹಿಂದೆ ಇಬ್ಬರ ಹರೆಯವೂ ಕಳೆದಿತ್ತು. ನಸೀಮಾ ಅವರ ಕೈಕೆಳಗೇ ಪಿಎಚ್.ಡಿ. ಮಾಡಿದವಳು. ಆಮೇಲೆ ತಕ್ಕಡಿಯ ಕೆಲಸಕ್ಕೆ ಹೋದಳು.

ತಕ್ಕಡಿ ಎನ್ನುವುದು ಜನರ ಬಾಯಲ್ಲಿ ಬಂದ ಹೆಸರು. ಸರ್ಕಾರದ ಕಾಗದದಲ್ಲಿ ಅದು ಕರ್ತೃತ್ವ ಮಾಪಕ. ದೇಶದ ಯಾವುದೇ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು ಕೊರಳಪಟ್ಟಿಗೆ ಹುಣಸೆಬೀಜದಷ್ಟು ದೊಡ್ಡ ಗುಂಡಿಯೊಂದನ್ನು ಸಿಕ್ಕಿಸಿಕೊಳ್ಳಬೇಕಿತ್ತು. ಆಡಿದ ಮಾತು, ಬರೆದ ಸಾಲು, ಉಪಕರಣದ ಮೇಲೆ ಕೈ ಓಡಿದ ಬಗೆ ಎಲ್ಲವೂ ಅದರ ಮೂಲಕ ತಕ್ಕಡಿಗೆ ಹೋಗುತ್ತಿದ್ದವು. ಪ್ರಬಂಧವೊಂದು ಸಿದ್ಧವಾದಾಗ ತಕ್ಕಡಿ ಅದರ ಪ್ರತಿಯೊಂದು ವಿಚಾರದ ಬೆನ್ನು ಹತ್ತಿ ಹಿಂದಕ್ಕೆ ಹೋಗುತ್ತಿತ್ತು. ಇದನ್ನು ಮೊದಲು ಅಂದವರು ಯಾರು, ತಿದ್ದಿದವರು ಯಾರು, ಪರೀಕ್ಷೆ ಮಾಡಿದವರು ಯಾರು ಎಂದು ಹುಡುಕಿ ನೂರರಲ್ಲಿ ಯಾರ ಪಾಲು ಎಷ್ಟೆಂದು ಹೇಳುತ್ತಿತ್ತು. ಹೆಸರಿನ ಪಕ್ಕದಲ್ಲೇ ಆ ಅಂಕಿ ಅಚ್ಚಾಗುತ್ತಿತ್ತು. ಐದಕ್ಕಿಂತ ಕೆಳಗೆ ಬಂದವರು ಕರ್ತೃಗಳ ಸಾಲಿನಿಂದ ಇಳಿದು ಕೊನೆಯ ಕೃತಜ್ಞತೆಯ ಪ್ಯಾರಾಕ್ಕೆ ಹೋಗುತ್ತಿದ್ದರು. ಪ್ರಬಂಧವಿಲ್ಲದಾಗಲೂ ಯೋಜನೆಯ ಒಟ್ಟು ಕೆಲಸದಲ್ಲಿ ಯಾರ ಪಾಲು ಎಷ್ಟೆಂದು ಅದು ಆಗಾಗ ಲೆಕ್ಕ ತೆಗೆಯುತ್ತಿತ್ತು.

ಇದರಿಂದ ಒಳ್ಳೆಯದೂ ಆಗಿತ್ತು. ಪ್ರಯೋಗಾಲಯದ ಹೊಸ್ತಿಲು ತುಳಿಯದ ನಿರ್ದೇಶಕರ ಹೆಸರು ಮೊದಲು ಬರುವ ಕಾಲ ಹೋಯಿತು. ಹಾಗೆಯೇ ವಿಚಿತ್ರಗಳೂ ಹುಟ್ಟಿಕೊಂಡವು. ಬೆಳಗ್ಗೆ ಬಂದವರೇ ಒಂದು ಮೂಲೆಗೆ ನಿಂತು, ಆ ವರ್ಷ ಯಾರಿಗಾದರೂ ಹೊಳೆಯಬಹುದಾದದ್ದನ್ನೆಲ್ಲ ಗುಂಡಿಯೊಳಕ್ಕೆ ಗೊಣಗುವವರಿದ್ದರು. ಯಾರು ಮುಂದೆ ಏನೇ ಕಂಡುಹಿಡಿದರೂ ಮೊದಲು ಅಂದವರು ತಾವೇ ಆಗಬೇಕಲ್ಲ! ಚಹಾದ ಅಂಗಡಿಯಲ್ಲಿ ಅರ್ಧ ವಿಚಾರವನ್ನು ಹರಟೆಗೆ ಬಿಡುವ ಚಾಳಿ ನಿಂತೇಹೋಯಿತು. ಜನ ಹವಾಮಾನ, ಕ್ರಿಕೆಟ್ಟು ಮಾತಾಡಿ ಎದ್ದು ಹೋಗುತ್ತಿದ್ದರು.

ಈ ತಕ್ಕಡಿ ಬಂದದ್ದರಲ್ಲಿ ಚನ್ನವೀರನದೂ ಒಂದು ಕೈಯಿತ್ತು. ಪಿಎಚ್.ಡಿ. ಮಾಡುವಾಗ ಅವನು ಕಂಡುಹಿಡಿದದ್ದನ್ನು ಅವನ ಮಾರ್ಗದರ್ಶಕರು ತಮ್ಮ ಹೆಸರಿನಲ್ಲಿ ಪ್ರಕಟಿಸಿದ್ದರು. ಎರಡನೆಯ ಹೆಸರು ಅವರ ಅಳಿಯನದು. ಚನ್ನವೀರನಿಗೆ ಸಿಕ್ಕಿದ್ದು ಕೊನೆಯಲ್ಲೊಂದು ಧನ್ಯವಾದ, ಅದೂ ಹೆಸರಿನ ಕಾಗುಣಿತ ತಪ್ಪಿ. ಆ ಗಾಯ ಅವನೊಳಗೆ ಮಾಯಲಿಲ್ಲ. ಮುಂದೆ ಕರ್ತೃತ್ವದ ನ್ಯಾಯಕ್ಕಾಗಿ ಸಮಿತಿ ಕೂತಾಗ ದಿಲ್ಲಿಗೆ ಹೋಗಿ ಸಾಕ್ಷಿ ಹೇಳಿ ಬಂದ, ಬರೆದ, ಜಗಳಾಡಿದ. ತಕ್ಕಡಿ ಬಂದ ಮೇಲೆ ಅವನಷ್ಟು ನಿಷ್ಠೆಯಿಂದ ಗುಂಡಿ ಹಾಕಿಕೊಂಡವರು ಇನ್ನೊಬ್ಬರಿರಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ ದಾಕ್ಷಾಯಣಿ ಕೆಲಸದ ಮಾತು ತೆಗೆದರೆ ಎಡಗೈ ಎತ್ತಿ ತಡೆಯುತ್ತಿದ್ದ.

"ತಡಿ ದಾಕ್ಷಾ, ಗುಂಡಿ ತರತೇನಿ. ನಿನ್ನ ಮಾತು ಗಾಳಿಗೆ ಹೋಗಬಾರದು."

ಹಾಗೆ ಎದ್ದು ಹೋಗಿ ಇಬ್ಬರ ಗುಂಡಿಯನ್ನೂ ತಂದು, ಅವಳ ಸೆರಗಿಗೆ ತಾನೇ ಸಿಕ್ಕಿಸಿ, "ಹಾಂ, ಈಗ ಹೇಳು" ಎನ್ನುತ್ತಿದ್ದ.

ಅಂಥವನ ಅಂಕಿ ಹನ್ನೊಂದಕ್ಕೆ ಇಳಿದಿತ್ತು.

ನಸೀಮಾ ದಾಕ್ಷಾಯಣಿಯನ್ನು ತಕ್ಕಡಿ ಕೋಣೆಗೆ ಕರೆದಳು. "ಮೇಡಂ, ಇದನ್ನ ಯಾರಿಗೂ ತೋರಸಬಾರದು. ಆದ್ರ ನಿಮಗ ತೋರಸದ ಇರೂದು ನನ್ನ ಕಡೆ ಆಗವಲ್ದು" ಎಂದು ಬಾಗಿಲು ಮುಚ್ಚಿ, ಚನ್ನವೀರನ ಧ್ವನಿಯನ್ನು ಕೇಳಿಸಿದಳು.

"ದಾಕ್ಷಾ, ನಾವು ನೀರಿನ ಬೆನ್ನ ಹತ್ತೇವಿ. ತಂಪಿನ ಕಡೆ ಒಮ್ಮೆ ನೋಡೂಣೇನು?"

ದಾಕ್ಷಾಯಣಿಗೆ ಆ ದಿನ ನೆನಪಿತ್ತು. ಆ ಒಂದು ಮಾತಿನಿಂದಲೇ ಅವರ ಕೆಲಸ ಹೊಸ ದಾರಿ ಹಿಡಿದಿತ್ತು. ಕಾಳನ್ನು ಎಬ್ಬಿಸುವುದು ಮಳೆಯಲ್ಲ, ಮಳೆ ನಿಂತ ಮೇಲೆ ಬೀಳುವ ತಂಪು ಇರಬಹುದು ಎಂದು ಯಾರೂ ಯೋಚಿಸಿರಲಿಲ್ಲ.

"ಇದು ಒಳ್ಳೆ ಮಾತಲ್ಲೇನು?" ಎಂದಳು.

"ಹೌದ್ರಿ. ಮುಂದ ಕೇಳ್ರಿ."

ಮತ್ತೆ ಅದೇ ಧ್ವನಿ, ಅದೇ ಮಾತು, ಕೆಲವು ವಾರಗಳ ನಂತರದ್ದು. "ದಾಕ್ಷಾ, ತಂಪಿನ ಕಡೆ ಒಮ್ಮೆ ನೋಡೂಣೇನು?" ಆಮೇಲೆ ಮತ್ತೊಮ್ಮೆ. ಪ್ರತಿ ಸಲವೂ ಅದೇ ಹುರುಪು, ಆ ಗಳಿಗೆಯಲ್ಲೇ ಹೊಳೆದವರ ಹಾಗೆ.

"ಮೊದಲ್ನೇದಕ್ಕ ಪಾಲು ಕೊಟ್ಟೈತ್ರಿ. ಉಳಿದದ್ದೆಲ್ಲಾ ಪುನರುಕ್ತಿ ಅಂತ ತಗದು ಹಾಕೇತಿ. ಬರೇ ಇದೊಂದ ಅಲ್ಲ, ಈ ಸಲ ಸರ್ ಮಾತಾಡಿದ್ದರಾಗ ಮುಕ್ಕಾಲು ಹಿಂಗ ಐತಿ." ನಸೀಮಾ ದನಿ ತಗ್ಗಿಸಿದಳು. "ಮೇಡಂ, ಸರ್ ಆರಾಮ ಅದಾರೇನ್ರಿ?"

ದಾಕ್ಷಾಯಣಿ ಪರದೆಯ ಮೇಲಿನ ಹನ್ನೊಂದನ್ನು ನೋಡಿದಳು. ಮನೆಯಲ್ಲಿ ಅವಳು ಎಲ್ಲವನ್ನೂ ಕಂಡಿದ್ದಳು. ಚಹಾ ಕುಡಿದ ಲೋಟವನ್ನು ಅವನು ಪುಸ್ತಕದ ಕಪಾಟಿನಲ್ಲಿ ಇಟ್ಟದ್ದು, ಕೆಲಗೇರಿ ಕೆರೆಗೆ ವಾಕಿಂಗಿಗೆ ಹೋದವನು ದಾರಿ ತಪ್ಪಿ ಯಾರದೋ ಸ್ಕೂಟರಿನ ಹಿಂದೆ ಕೂತು ಬಂದದ್ದು, ತೀರಿಹೋದ ಅಕ್ಕನಿಗೆ ಫೋನ್ ಹಚ್ಚಿಕೊಡು ಎಂದದ್ದು. ಪ್ರತಿಯೊಂದಕ್ಕೂ ಅವಳು ಒಂದು ಕಾರಣ ಹೊಂದಿಸಿಕೊಂಡಿದ್ದಳು. ನಿದ್ದೆ ಸಾಲದು, ಕನ್ನಡಕ ಬದಲಾಗಬೇಕು, ಕೆಲಸ ಜಾಸ್ತಿ. ತಕ್ಕಡಿಗೆ ಅಂಥ ಕಾರಣಗಳು ಬೇಕಿರಲಿಲ್ಲ.

"ಗೊತ್ತಿತ್ತು ನಸೀಮಾ. ಗೊತ್ತಿಲ್ಲ ಅಂತ ಮಾಡಿಕೊಂಡಿದ್ದೆ" ಎಂದಳು.

ಹುಬ್ಬಳ್ಳಿಯ ನರರೋಗ ವೈದ್ಯರು ಹೇಳಿದ್ದೂ ಅದನ್ನೇ. ಇದು ಮುಂದುವರಿಯುವ ರೋಗ, ನಿಧಾನ ಮಾಡಬಹುದು, ನಿಲ್ಲಿಸಲಾಗದು. ಚನ್ನವೀರ ಎಲ್ಲವನ್ನೂ ಶಾಂತವಾಗಿ ಕೇಳಿ, ಡಾಕ್ಟರಿಗೆ ಎರಡು ಒಳ್ಳೆಯ ಪ್ರಶ್ನೆಗಳನ್ನೂ ಕೇಳಿದ. ಮನೆ ತಲುಪುವಷ್ಟರಲ್ಲಿ "ಎಲ್ಲಿಗೆ ಹೋಗಿದ್ವಿ ನಾವು?" ಎಂದ.

ಮುಂದಿನ ಲೆಕ್ಕದಲ್ಲೂ ಅಂಕಿ ಇಳಿದರೆ ನಿಯಮದಂತೆ ಅವನನ್ನು ಯೋಜನೆಯಿಂದ ಬಿಡಿಸುತ್ತಾರೆ. ಬರೆಯಬೇಕಾದ ದೊಡ್ಡ ಪ್ರಬಂಧವೋ ಹತ್ತಿರದಲ್ಲಿತ್ತು. ತಂಪು ತಗುಲಿದಾಗ ಸಡಿಲವಾಗುವ ಒಂದು ಪ್ರೋಟೀನಿನ ಸುಳಿವು ದಾಕ್ಷಾಯಣಿಗೆ ಸಿಕ್ಕಿತ್ತು. ಅವರು ಹುಡುಕುತ್ತಿದ್ದ ಕಾವಲುಗಾರ ಆ ಪ್ರೋಟೀನೇ. ಬದುಕೆಲ್ಲ ಹುಡುಕಿದ್ದು ಕೈಗೆ ಸಿಗುವ ಹೊತ್ತಿಗೆ, ಆ ಪ್ರಬಂಧದ ಮಟ್ಟಿಗೆ ಚನ್ನವೀರನ ಹೆಸರಿನಲ್ಲಿ ಉಳಿದದ್ದು ತಂಪಿನ ಆ ಒಂದು ಪ್ರಶ್ನೆ. ತಕ್ಕಡಿ ಅದಕ್ಕೆ ಕೊಟ್ಟ ಬೆಲೆ ಮೂರು. ಐದಕ್ಕೆ ಎರಡು ಕಡಿಮೆ.

ದಾಕ್ಷಾಯಣಿ ಒಂದು ದಿನ ಕೂತು ನಿರ್ಧಾರ ಮಾಡಲಿಲ್ಲ. ಅದು ತಾನಾಗಿ ಶುರುವಾಯಿತು. ಒಂದು ಬೆಳಗ್ಗೆ ಅವಲಕ್ಕಿ ತಿನ್ನುತ್ತ ಅವಳು ಯಾವುದೋ ಪ್ರಯೋಗದ ಮಾತು ತೆಗೆದಳು. ಚನ್ನವೀರ ಗುಂಡಿ ತರಲು ಏಳಲಿಲ್ಲ, ಮರೆತಿದ್ದ. ಅವಳೂ ನೆನಪಿಸಲಿಲ್ಲ.

"ಮೊಳಕಿಗೆ ಕಾರಣ ನೀರಲ್ಲ, ಆ ಪ್ರೋಟೀನು ಸಡಲಾಗೂದು" ಎಂದಳು.

ಅವನ ಕಣ್ಣು ಅರಳಿತು. "ಭಾರೀ ಆತಲ್ಲ ಇದು! ಯಾರು ಹೇಳಿದ್ದು?"

ಅವಳು ಚಮಚವನ್ನು ತಟ್ಟೆಯಲ್ಲಿಟ್ಟಳು. "ನೀವ ಹೇಳಿದ್ರಿ. ನಿನ್ನೆ."

"ನಾನ?"

"ಹೂಂ. ಮರತ್ರೇನು? ಇವತ್ತ ಲ್ಯಾಬಿನ್ಯಾಗ ಹೇಳ್ರಿ ಮತ್ತ. ಎಲ್ಲಾರೂ ಕೇಳಲಿ."

ಅವನು ಮಗುವಿನಂತೆ ನಕ್ಕ. ಎಷ್ಟೋ ತಿಂಗಳಿನಿಂದ ಆ ಮುಖದಲ್ಲಿ ಆ ನಗು ಇರಲಿಲ್ಲ. ಏನೋ ಕೈತಪ್ಪಿ ಹೋಗುತ್ತಿದೆ ಎಂಬುದು ಅವನಿಗೂ ಒಳಗೊಳಗೇ ಗೊತ್ತಿತ್ತೆಂದು ಕಾಣುತ್ತದೆ. ಈಗ ಯಾರೋ ಬಂದು, ಇಲ್ಲ, ನಿನ್ನದು ನಿನ್ನಲ್ಲೇ ಇದೆ ಎಂದಂತಾಗಿತ್ತು. ಆ ನಗು ನೋಡಿದ ಮೇಲೆ ಅವಳಿಗೆ ಹಿಂದೆ ಸರಿಯುವುದು ಸಾಧ್ಯವಾಗಲಿಲ್ಲ.

ಅಲ್ಲಿಂದ ದಿನವೂ ಬೆಳಗ್ಗೆ ಅದೇ ಪಾಠ. ಅವಳು ಹಿಂದಿನ ದಿನ ತನಗೆ ಹೊಳೆದದ್ದನ್ನು ಒಂದೇ ವಾಕ್ಯ ಮಾಡಿ ಹೇಳುವಳು. ಅವನು ಮತ್ತೆ ಮತ್ತೆ ಅಂದು ಗಟ್ಟಿ ಮಾಡಿಕೊಳ್ಳುವನು. ಕಾರಿನಲ್ಲಿ ಕೇಂದ್ರಕ್ಕೆ ಹೋಗುವ ದಾರಿಯುದ್ದಕ್ಕೂ ಅವನ ತುಟಿಗಳು ಅಲುಗುತ್ತಿರುತ್ತಿದ್ದವು. ಗೇಟಿನ ಬಳಿ ಅವಳು ಅವನ ಕೊರಳಪಟ್ಟಿಗೆ ಗುಂಡಿ ಸಿಕ್ಕಿಸುವಳು. ಒಳಗೆ ಹೋಗಿ ಅವನು ಎಲ್ಲರ ಎದುರು ಆ ವಾಕ್ಯವನ್ನು ಹೇಳಿದಾಗ ಅವಳು ಬೆರಗುಪಟ್ಟವಳಂತೆ "ಹೌದಲ್ರೀ!" ಎನ್ನುವಳು. ಅವಳ ಪಾಲಿನಿಂದ ಇಳಿದದ್ದು ಅವನ ಪಾಲಿಗೆ ಏರಿತು. ಹನ್ನೊಂದು ಇಪ್ಪತ್ತಾಯಿತು, ಆಮೇಲೆ ಮೂವತ್ತು ದಾಟಿತು. ನಿರ್ದೇಶಕರು ಅವನ ಬೆನ್ನು ತಟ್ಟಿ "ಮುಳಗುಂದ, ವಯಸ್ಸು ನಿಮಗ ತಾಗೂದಿಲ್ಲ ಬಿಡ್ರಿ" ಎಂದರು.

ಪ್ರಬಂಧದಲ್ಲಿ ಹೆಸರು ಉಳಿಯಲು ಅವನಿಗೆ ಐದು ಸಾಕಾಗಿತ್ತು. ಅಷ್ಟಕ್ಕೇ ನಿಲ್ಲಿಸಬೇಕೆಂದು ಅವಳೂ ಒಮ್ಮೊಮ್ಮೆ ಅಂದುಕೊಳ್ಳುತ್ತಿದ್ದಳು. ಆದರೆ ಬೆಳಗಾದರೆ ಅವನು ತಟ್ಟೆ ಮುಂದಿಟ್ಟುಕೊಂಡು ಕಾಯುತ್ತಿರುತ್ತಿದ್ದ. "ನಿನ್ನೆ ನಾ ಏನು ಹೇಳಿದೆ ಹೇಳು" ಎಂದು ಕೇಳುತ್ತಿದ್ದ.

ಕೊನೆಗೆ ಪ್ರಬಂಧ ಸಿದ್ಧವಾಯಿತು. ತಕ್ಕಡಿಗೆ ಏರಿಸಿದರು. ಎರಡು ದಿನವಾದರೂ ಅಂಕಿ ಹೊರಗೆ ಬರಲಿಲ್ಲ.

ಭಾನುವಾರ ಮಧ್ಯಾಹ್ನ ನಸೀಮಾ ಮನೆಗೆ ಬಂದಳು. ಚನ್ನವೀರ ಪಡಸಾಲೆಯಲ್ಲಿ ಕೂತು ಹಸಿ ಕಡಲೆ ಸುಲಿಯುತ್ತಿದ್ದ. "ಬಾರವ್ವಾ, ತಿನ್ನು" ಎಂದು ಒಂದು ಹಿಡಿ ಕೊಟ್ಟ. ಅವಳ ಹೆಸರು ಅವನಿಗೆ ಆ ಕ್ಷಣ ಸಿಗಲಿಲ್ಲವೆಂದು ಇಬ್ಬರಿಗೂ ಗೊತ್ತಾಯಿತು. ಅವಳು ಒಳಗೆ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಮೇಡಂ, ತಕ್ಕಡಿ ತಡದು ನಿಲ್ಲಿಸೇತಿ."

ದಾಕ್ಷಾಯಣಿ ಒಲೆ ಆರಿಸಿದಳು.

"ಸರ್ ಹೇಳಿದ್ದರಾಗ ಕೆಲವೊಂದು ವಾಕ್ಯಕ್ಕ ಕಂಠಪಾಠ ಅಂತ ಗುರುತು ಹಾಕೇತ್ರಿ. ಹುಟ್ಟೂ ಮಾತು ತೊದಲತೈತಿ ಮೇಡಂ. ಹೊಸದನ್ನ ಹೇಳೂವಾಗ ಯಾರರ ಆಗಲಿ ನಿಂದರತಾರ, ಹಿಂದ ಬರತಾರ, ಒಂದು ಶಬ್ದ ಬಿಟ್ಟು ಇನ್ನೊಂದು ಹುಡಕತಾರ. ಕಲತ ಮಾತು ಹಂಗಲ್ಲ, ಸರಳ ಹರೀತೈತಿ. ತಕ್ಕಡಿಗೆ ಅದು ತಿಳೀತೈತಿ." ಅವಳು ನೆಲ ನೋಡಿದಳು. "ಅವು ಯಾರ ಮಾತು ಅಂತ ನಂಗ ಗೊತ್ತಾತು. ನಾಳೆ ವಿಚಾರಣಾ ಸಮಿತಿಗೆ ಕಳಸಬೇಕು. ಪಾಲು ಕದ್ದಾರ ಅಂತ ಸರ್ ಮ್ಯಾಲೆ ಬರತೈತಿ. ಪಾಲು ದಾನ ಮಾಡ್ಯಾರ ಅಂತ ನಿಮ್ಮ ಮ್ಯಾಲೆ."

"ಕದಿಯೂದೇನು ನಸೀಮಾ? ಯಾರದು ಯಾರು ಕದ್ದಾರ?" ದಾಕ್ಷಾಯಣಿ ತಿರುಗಿ ನಿಂತಳು. "ಆ ಪ್ರೋಟೀನು ನಂಗ ಹೊಳೀತು, ಖರೆ. ಆದ್ರ ಹೆಂಗ ಹೊಳೀತು? ಒಂದು ಪ್ರಯೋಗ ತಪ್ಪಿದ್ರ ಮೊದಲು ಏನು ಕೇಳಬೇಕು ಅಂತ ಕಲಿಸಿದವರು ಯಾರು? ತಕ್ಕಡಿ ಬರೂಕಿಂತ ಮೊದಲ ಎಷ್ಟು ವರ್ಷ ನಾವು ಇದ ಮನ್ಯಾಗ ಕುಂತು ಮಾತಾಡೇವಿ! ನಾ ಇವತ್ತೂ ವಿಚಾರ ಮಾಡೂವಾಗ ಒಳಗ ಅವರ ಧ್ವನಿ ಕೇಳಸತೈತಿ. ಅದನ್ನ ನಿನ್ನ ಯಂತ್ರ ಎಲ್ಲಿ ತೂಗತೈತಿ?"

"ಅದಕ್ಕ ಆ ಲೆಕ್ಕ ಬರೂದಿಲ್ಲ ಮೇಡಂ."

"ಹಂಗಾದ್ರ ಅದು ಎಂಥಾ ತಕ್ಕಡಿ?"

ನಸೀಮಾ ಅಳುತ್ತಿದ್ದಳು. "ಅಳಿಸಿ ಬಿಡಲೇನ್ರಿ? ಗುರುತು ಅಳಸೂದು ನಂಗ ಬರತೈತಿ. ನೀವು ಹೂಂ ಅನ್ರಿ ಸಾಕು."

ದಾಕ್ಷಾಯಣಿ ಬಾಯಿ ತೆರೆದಳು. ಅಷ್ಟರಲ್ಲಿ ಚನ್ನವೀರ ಬಾಗಿಲಲ್ಲಿ ಬಂದು ನಿಂತಿದ್ದ. ಅಂಗಿಯ ಮೇಲೆಲ್ಲ ಕಡಲೆ ಸಿಪ್ಪೆ. ಎಷ್ಟು ಕೇಳಿಸಿಕೊಂಡನೋ, ಅದರಲ್ಲಿ ಎಷ್ಟು ತಿಳಿಯಿತೋ. ಆದರೆ ಆ ಹೊತ್ತಿನಲ್ಲಿ ಅವನ ಕಣ್ಣು ಹಳೆಯ ಕಣ್ಣಾಗಿತ್ತು.

"ನಸೀಮಾ, ನಾಳೆ ನಂಗ ಅವನ್ನ ಕೇಳಸು" ಎಂದ. ಹೆಸರು ಸರಿಯಾಗಿ ಬಂದಿತ್ತು.

ಸೋಮವಾರ ಮೂವರೂ ತಕ್ಕಡಿ ಕೋಣೆಯಲ್ಲಿ ಕೂತರು. ಅವನಿಗೆ ಮರೆತಿರಬಹುದು ಎಂದು ದಾಕ್ಷಾಯಣಿ ಆಸೆಪಟ್ಟಿದ್ದಳು. ಆದರೆ ಅಂದು ಬೆಳಗ್ಗೆ ಅವನು ತಾನಾಗಿ ಕ್ಷೌರ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅವಳಿಗಿಂತ ಮುಂಚೆ ಹೊರಗೆ ನಿಂತಿದ್ದ. ಅಂಥ ದಿನಗಳು ಇನ್ನೂ ಆಗಾಗ ಬರುತ್ತಿದ್ದವು.

ನಸೀಮಾ ಧ್ವನಿಗಳನ್ನು ಹಚ್ಚಿದಳು. ಚನ್ನವೀರ ತನ್ನನ್ನೇ ತಾನು ಕೇಳಿದ. ಮೊದಲು ಅವನ ಮಾಮೂಲು ಮಾತು. ಶಬ್ದ ಹುಡುಕುತ್ತ, ಮಧ್ಯದಲ್ಲೇ ನಿಂತು, "ಅದೇನೋ, ಅದು, ಅದಕ್ಕ ಏನಂತಾರ" ಎನ್ನುವ ಮಾತು. ಅದರ ನಡುವೆ ತಟ್ಟನೆ ಒಂದು ವಾಕ್ಯ ನೇರವಾಗಿ, ಸ್ವಚ್ಛವಾಗಿ ಹರಿದು ಬಂತು. "ಮೊಳಕಿಗೆ ಕಾರಣ ನೀರಲ್ಲ, ಆ ಪ್ರೋಟೀನು ಸಡಲಾಗೂದು." ಮತ್ತೆ ತೊದಲು. ಮತ್ತೆ ಅಂಥದೇ ಇನ್ನೊಂದು ವಾಕ್ಯ.

ಅವನು ತಲೆ ವಾಲಿಸಿಕೊಂಡು ಕೇಳಿದ. ಹಿಂದೆಲ್ಲ ವಿದ್ಯಾರ್ಥಿಗಳು ಫಲಿತಾಂಶ ತಂದು ಓದುವಾಗ ಹಾಗೇ ಕೇಳುತ್ತಿದ್ದ.

"ಈ ಮಾತು ನಂದಲ್ಲ" ಎಂದ. "ದಾಕ್ಷಾಂದು."

"ಹೆಂಗ ಹೇಳತೀರಿ ಸರ್?"

"ಆಕಿ ಯಾವಾಗಲೂ ಮೊದಲು ಇದಲ್ಲ ಅಂತಾಳ. ಆಮ್ಯಾಲ ಇದು ಅಂತಾಳ. ಲಗ್ನ ಆಗೂಕಿಂತ ಮೊದಲಿಂದನೂ ಹಂಗ." ಅವನು ಹೆಂಡತಿಯ ಕಡೆ ತಿರುಗಿ ಸಣ್ಣಗೆ ನಕ್ಕ. "ನಂಗ ಅದು ಬರೂದಿಲ್ಲ. ನಾ ಬರೇ ಪ್ರಶ್ನಿ ಕೇಳಾಂವ."

ದಾಕ್ಷಾಯಣಿ ಅವನ ಕೈ ಹಿಡಿದುಕೊಂಡಳು. "ತಪ್ಪಾತ್ರಿ. ನಿಮ್ಮ ಹೆಸರಿಲ್ಲದ ಈ ಪ್ರಬಂಧ ಬರೂದು ನಂಗ ನೋಡೂದ ಆಗೂದಿಲ್ಲ."

"ದಾಕ್ಷಾ, ನಾ ಇಷ್ಟು ವರ್ಷ ಜಗಳ್ಯಾಡಿದ್ದು ಯಾತಕ್ಕ? ನಾ ಮಾಡಿದ್ದಕ್ಕ ಇನ್ನೊಬ್ಬಾಂವ ಹೆಸರು ಹಚ್ಚಿಕೊಂಡ ಅಂತ. ಈಗ ನಾನ ಆ ಇನ್ನೊಬ್ಬಾಂವ ಆಗಲೇನು? ಅದೂ ನಿನ್ನ ಕೆಲಸಕ್ಕ?"

"ನಾ ಕೊಟ್ಟೇನಲ್ರಿ, ನೀವು ಕಸಗೊಂಡಿಲ್ಲ."

"ಕೊಟ್ಟಿ ಅಂತ ನಂಗ ಗೊತ್ತಿರಲಿಲ್ಲಲ್ಲ" ಎಂದ.

ನಸೀಮಾ ಮತ್ತೆ ಅಂದಳು, "ಸರ್, ಇನ್ನೂ ಯಾರಿಗೂ ಹೋಗಿಲ್ಲ. ಅಳಸತೇನಿ. ಇಲ್ಲಿಗೇ ಮುಗೀತೈತಿ."

"ಬ್ಯಾಡವ್ವಾ. ಅಳಿಸಿದ್ರ ನಾಳೆ ನಂಗ ನೆನಪಿರೂದಿಲ್ಲ. ನಿಂಗ ಇರತೈತಿ. ಆ ಭಾರ ನಿನ್ನ ಮ್ಯಾಲೆ ಯಾಕ?"

ಆಮೇಲೆ ಅವನು ಕೊರಳಪಟ್ಟಿಯನ್ನು ತಡವಿದ. ಗುಂಡಿ ಇರಲಿಲ್ಲ. ದಾಕ್ಷಾಯಣಿಯ ಕಡೆ ನೋಡಿ ಕೈ ಚಾಚಿದ. ಅವಳು ಚೀಲದಿಂದ ತೆಗೆದು ಸಿಕ್ಕಿಸಿದಳು. ಅವನು ಗಂಟಲು ಸರಿಮಾಡಿಕೊಂಡ.

"ನಾನು, ಚನ್ನವೀರ ಮುಳಗುಂದ... ಈ ಪ್ರಬಂಧದಾಗ... ಇದರಾಗ ನನ್ನ ಬಾಯಿಂದ ಬಂದದ್ದು, ಅಂದ್ರ, ಎಲ್ಲಾ ಅಲ್ಲ, ಆ... ಆ ಛಲೋ ವಾಕ್ಯ ಅದಾವಲ್ಲ, ಅವು ನನ್ನವಲ್ಲ. ನನ್ನ ಹೆಂಡ್ತಿವು. ತಪ್ಪು ಆಕಿದೂ ಅಲ್ಲ. ಆಕಿ... ಏನಂತಾರ ಅದಕ್ಕ... ಆಕಿ ನಾ ಇನ್ನೂ ಇದ್ದೇನಿ ಅಂತ ತಿಳಕೊಂಡಿದ್ಲು. ಅವನ್ನ ನನ್ನ ಲೆಕ್ಕದಿಂದ ತಗೀರಿ. ಇಷ್ಟ."

ಪರದೆಯ ಮೇಲೆ ಅವನ ಹೇಳಿಕೆ ಸಾಲುಸಾಲಾಗಿ ಮೂಡಿತು, ನಿಂತದ್ದು, ತಡವರಿಸಿದ್ದು ಎಲ್ಲವೂ ಹಾಗೇ. ಅದರ ಕೆಳಗೆ ತಕ್ಕಡಿ ತನ್ನ ತೀರ್ಪು ಬರೆಯಿತು: ಸ್ವಂತ ಮಾತು. ಅವನ ಹೆಸರಿನಲ್ಲಿ ಹಾಗೆಂದು ದಾಖಲಾದದ್ದು ಅದೇ ಕೊನೆ.

ಕದ್ದವನೇ ಬಂದು ಒಪ್ಪಿಸಿದಂತಾದ್ದರಿಂದ ಸಮಿತಿ ಕೂರಲಿಲ್ಲ. ದಾಕ್ಷಾಯಣಿಗೆ ಒಂದು ಎಚ್ಚರಿಕೆ ಕೊಟ್ಟು ಮುಗಿಸಿದರು. ಆ ವಾಕ್ಯಗಳೆಲ್ಲ ಅವಳ ಪಾಲಿಗೆ ಮರಳಿದವು. ಚನ್ನವೀರನಿಗೆ ಉಳಿದದ್ದು ಮೂರು. ಪ್ರಯೋಗಾಲಯದ ಸಹಾಯಕರು ಒಬ್ಬೊಬ್ಬರೂ ಒಂದು, ಎರಡು. ಐದರ ಕೆಳಗಿನವರೆಲ್ಲ ಇಳಿದು ಹೋದ ಮೇಲೆ ಪ್ರಬಂಧದ ತಲೆಯ ಮೇಲೆ ಒಂದೇ ಹೆಸರು ನಿಂತಿತು. ಕೊನೆಯ ಪ್ಯಾರಾದಲ್ಲಿ ಅವನಿಗೆ ಧನ್ಯವಾದ ಇತ್ತು. ದಾಕ್ಷಾಯಣಿ ಅದರ ಕಾಗುಣಿತವನ್ನು ಮತ್ತೆ ಮತ್ತೆ ನೋಡಿ ಕಳಿಸಿದಳು.

ಅವನು ಕೇಂದ್ರಕ್ಕೆ ಬರುವುದು ನಿಂತಿತು. ಆದರೆ ಪ್ರಬಂಧದ ನೆನಪು ಎಲ್ಲೋ ಉಳಿದುಕೊಂಡಿತ್ತು. ಸಂಜೆ ಅವಳು ಮನೆಗೆ ಬಂದ ಕೂಡಲೇ ಕೇಳುವನು.

"ದಾಕ್ಷಾ, ನಮ್ಮ ಪ್ರಬಂಧ ಬಂತೇನು?"

"ಬಂತ್ರಿ."

"ನನ್ನ ಹೆಸರು ಎಷ್ಟನೇದು?"

ಮೊದಲ ಸಲ ಅವಳು ಇದ್ದದ್ದನ್ನು ಇದ್ದಂತೆ ಹೇಳಿದಳು. ನೀವೇ ಬೇಡವೆಂದಿರಿ, ನೀವೇ ಹೇಳಿಕೆ ಕೊಟ್ಟಿರಿ ಎಂದಳು. ಅವನ ಮುಖ ಬಿದ್ದುಹೋಯಿತು. "ನಾನ ಬ್ಯಾಡ ಅಂದೆ? ಹಂಗ್ಯಾಕ ಅಂದೆ?" ಎಂದು ತುಂಬಾ ಹೊತ್ತು ಕೈ ಹಿಚುಕಿಕೊಳ್ಳುತ್ತ ಕೂತಿದ್ದ. ಮರುದಿನ ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ನೋವು. ಅವನಿಗೆ ಅದು ಪ್ರತಿ ಸಲವೂ ಹೊಸ ಸುದ್ದಿ. ಕೆಲವು ದಿನ ಹೀಗಾದ ಮೇಲೆ ಅವಳಿಗೆ ತಾಳಲಾಗಲಿಲ್ಲ.

"ನನ್ನ ಹೆಸರು ಎಷ್ಟನೇದು?"

"ಮೊದಲ್ನೇದ ನಿಮ್ಮದ್ರಿ."

"ಮತ್ತ ನಿಂದು?"

"ನಿಮ್ಮ ಬಾಜೂಕ ಐತಿ."

"ಛಲೋ ಆತು" ಎಂದು ಅವನು ಸಮಾಧಾನದಿಂದ ರೊಟ್ಟಿ ಮುರಿದ. ಅವನು ಕೇಳುವುದನ್ನೂ ಮರೆಯುವವರೆಗೆ ಅವಳು ಆ ಸುಳ್ಳನ್ನು ದಿನವೂ ಹೇಳಿದಳು.

ತಕ್ಕಡಿಯ ಕಾಲದಲ್ಲಿ ಒಬ್ಬರೇ ಬರೆದ ಪ್ರಬಂಧ ಅಪರೂಪವಾಗಿತ್ತು. ಎಷ್ಟು ದೊಡ್ಡವರ ಕೆಲಸವನ್ನೂ ಅದು ಎಳೆ ಎಳೆ ಬಿಡಿಸಿ ಹತ್ತು ಜನರಿಗೆ ಹಂಚಿಬಿಡುತ್ತಿತ್ತು. ಅದಕ್ಕೇ ಅಂಥವರಿಗೆ ವಿಜ್ಞಾನ ಪರಿಷತ್ತು ಏಕಕರ್ತೃ ಎಂಬ ಮನ್ನಣೆ ಇಟ್ಟಿತ್ತು. ಆ ವರ್ಷ ಅದು ದಾಕ್ಷಾಯಣಿಗೆ ಬಂತು. ಬೇಡವೆಂದು ಬರೆದಳು. ತಕ್ಕಡಿಯ ಲೆಕ್ಕವನ್ನು ಬೇಡವೆನ್ನಲು ಅವಕಾಶವಿಲ್ಲವೆಂದು ಉತ್ತರ ಬಂತು. ನಿರ್ದೇಶಕರು ಬಂದು, ಇದು ಕೇಂದ್ರದ ಮರ್ಯಾದೆಯ ಪ್ರಶ್ನೆ ಎಂದರು. ಚನ್ನವೀರನನ್ನು ನೋಡಿಕೊಳ್ಳಲು ನಸೀಮಾ ಮನೆಗೆ ಬಂದು ಉಳಿದಳು. ದಾಕ್ಷಾಯಣಿ ಬೆಂಗಳೂರಿಗೆ ಹೋದಳು.

ಸಭಾಂಗಣ ತುಂಬಿತ್ತು. ಯಾರೋ ಮಂತ್ರಿಗಳು ಶಾಲು ಹೊದಿಸಿದರು. ನಿರೂಪಕಿ, "ಇಂಥ ದೊಡ್ಡ ಸಂಶೋಧನೆಯನ್ನು ಯಾರ ನೆರವೂ ಇಲ್ಲದೆ, ಏಕಾಂಗಿಯಾಗಿ..." ಎಂದು ಶುರು ಮಾಡಿದಾಗ ಚಪ್ಪಾಳೆ ಎದ್ದಿತು. ಮಾತಾಡಿ ಎಂದಾಗ ದಾಕ್ಷಾಯಣಿ ಮೈಕಿನ ಮುಂದೆ ನಿಂತಳು. ನಡೆದದ್ದನ್ನೆಲ್ಲ ಹೇಳಬೇಕೆಂದು ಬಂದಿದ್ದಳು. ಎದುರು ಕೂತವರ ಕೊರಳಪಟ್ಟಿಗಳ ಮೇಲೆ ಸಾಲಾಗಿ ಗುಂಡಿಗಳು ಮಿನುಗುತ್ತಿದ್ದವು. "ತಂಪಿನ ಕಡೆ ಒಮ್ಮೆ ನೋಡೋಣವೇ ಎಂದು ನನ್ನ ಯಜಮಾನರು ಕೇಳಿದ್ದರು. ನಾನು ನೋಡಿದೆ, ಅಷ್ಟೆ" ಎಂದು ಇಳಿದು ಬಂದಳು. ವಿನಯ ಎಂದು ಜನ ಮತ್ತೊಮ್ಮೆ ಚಪ್ಪಾಳೆ ಹೊಡೆದರು.

ಮರುದಿನ ಬೆಳಗ್ಗೆ ರೈಲು ಇಳಿದು ಮನೆಗೆ ಬಂದಳು. ಬಿಸಿಲು ಪಡಸಾಲೆಗೆ ಬಂದಿತ್ತು. ಚನ್ನವೀರ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು ಮಂಚದ ಮೇಲೆ ಕೂತಿದ್ದ. ನಸೀಮಾ ಒಳಗೆ ಚಹಾ ಮಾಡುತ್ತಿದ್ದಳು. ಬಾಗಿಲಲ್ಲಿ ನಿಂತ ಹೆಂಗಸನ್ನು ನೋಡಿ ಅವನು ಎದ್ದು ನಿಂತು ಕೈಮುಗಿದ.

"ಬರ್ರಿ, ಒಳಗ ಬರ್ರಿ. ಯಾರು ಬೇಕಾಗಿತ್ರಿ?"

ಮದುವೆಯಾದಾಗಿನಿಂದ ಅವನು ಅವಳಿಗೆ ನೀ ಎನ್ನುವುದನ್ನು ಬಿಟ್ಟು ಬೇರೆ ಏನೂ ಅಂದಿರಲಿಲ್ಲ. ದಾಕ್ಷಾಯಣಿ ಚೀಲವನ್ನು ಗೋಡೆಗೆ ಆನಿಸಿದಳು. ಶಾಲು ಇನ್ನೂ ತೋಳ ಮೇಲೆಯೇ ಇತ್ತು.

"ಸತ್ಕಾರ ಆಗಿರಬೇಕ್ರಿ?" ಎಂದು ಅವನು ಆದರದಿಂದ ಕೇಳಿದ. "ಏನು ಮಾಡಿದ್ರಿ?"

"ಜ್ವಾಳದ ಕಾಳು ತೆನ್ಯಾಗ ಯಾಕ ಮೊಳಕಿ ಒಡೀತೈತಿ ಅಂತ ಕಂಡುಹಿಡದೆ."

"ಓಹೋ! ಭಾಳ ದೊಡ್ಡ ಕೆಲಸ ಅದು." ಅವನ ಮುಖದಲ್ಲಿ ನಿಜವಾದ ಸಂತೋಷ ಮೂಡಿತು. "ರೈತರಿಗೆ ಭಾಳ ಉಪಯೋಗ ಆಗತೈತಿ. ಜೊತಿಗೆ ಯಾರ್‍ಯಾರು ಇದ್ರು?"

ಅವಳು ಅವನನ್ನೇ ನೋಡಿದಳು. "ಯಾರೂ ಇರಲಿಲ್ಲ ಅಂತ ಬರದಾರ್ರಿ."

"ಒಬ್ಬರ ಮಾಡಿದ್ರಿ?"

"ಹೌದ್ರಿ."

"ಇಷ್ಟು ವರ್ಷ, ಒಬ್ಬರ?" ಅವನ ಹುಬ್ಬುಗಳು ಕೂಡಿದವು. ಅವಳ ಮುಖವನ್ನು ಹೊಸದಾಗಿ ನೋಡುವವನಂತೆ ನೋಡಿದ. "ಪಾಪ" ಎಂದ.

ಆಮೇಲೆ ಮಂಚದ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿ, ಹಾಸಿಗೆಯನ್ನು ಕೈಯಿಂದ ಜಾಡಿಸಿದ.

"ದಣದೀರಿ. ಕುಂದರ್ರಿ."

ದಾಕ್ಷಾಯಣಿ ಹೋಗಿ ಅವನ ಪಕ್ಕದಲ್ಲಿ ಕೂತಳು.